ಕನ್ನಡ ಅಕ್ಷರವು ಮೊಬೈಲನ್ನು ಸೇರಿದ ಬಗೆ

ರಾಣೇಬೆನ್ನೂರು ತಾಲ್ಲೂಕಿನ ಐರಣಿಯು ತುಂಗಭದ್ರೆಯ ದಡದಲ್ಲಿರುವ ಗ್ರಾಮ. ಅಲ್ಲಿಂದ ಮುಂಜಾನೆಯ ಬಸ್ಸು ಹಿಡಿದು ರಾಣೇಬೆನ್ನೂರಿನ ಕಾಲೇಜಿಗೆ ಹೊರಟ ವಿದ್ಯಾರ್ಥಿಯೊಬ್ಬನನ್ನು ಕಲ್ಪಿಸಿಕೊಳ್ಳಿರಿ. ಅವನು ಕಿಸೆಯಿಂದ ಮೊಬೈಲನ್ನು ತೆಗೆದು, ಬ್ಯಾಡಗಿ ಪೇಟೆಯಲ್ಲಿ ಮೆಣಸಿನಕಾಯಿಯ ಧಾರಣೆ ಎಷ್ಟಿದೆಯೆಂಬುದನ್ನು ಕನ್ನಡದಲ್ಲಿಯೇ ಓದುತ್ತಾನೆ. ಗೆಳೆಯನಿಗೆ ಕನ್ನಡದಲ್ಲಿಯೇ ಎರಡು ಸಾಲು ಬರೆದು ಕಳುಹಿಸುತ್ತಾನೆ. ಇದರಲ್ಲಿ ಅವನಿಗೆ ಯಾವ ಸೋಜಿಗವೂ ತೋರುವುದಿಲ್ಲ. ಆದರೆ ಅವನ ಅಣ್ಣನು 2010ರಲ್ಲಿ ಇದೇ ಬಸ್ಸಿನಲ್ಲಿ ಕುಳಿತು, ಆ ಕಾಲದ ಆಂಡ್ರಾಯ್ಡ್ ಮೊಬೈಲೊಂದರಲ್ಲಿ ಕನ್ನಡದ ಪುಟವನ್ನು ತೆರೆದಿದ್ದರೆ, ಬಹುಮಟ್ಟಿಗೆ ಅವನಿಗೆ ಕಾಣಿಸುತ್ತಿದ್ದುದು ಅಕ್ಷರಗಳಲ್ಲ, ಸಾಲುಸಾಲಾದ ಖಾಲಿ ಚೌಕಗಳು.

ಯಂತ್ರವು ಕೈಯಲ್ಲಿತ್ತು. ಕನ್ನಡದ ಬರವಣಿಗೆಯೂ ಅಂತರಜಾಲದಲ್ಲಿತ್ತು. ಓದುವವನೂ ಸಿದ್ಧನಾಗಿದ್ದನು. ಆದರೂ ಓದು ಸಾಧ್ಯವಾಗಲಿಲ್ಲ. ಇದಕ್ಕೆ ಕಾರಣವೇನು? ಯಂತ್ರಕ್ಕೂ ಬರವಣಿಗೆಗೂ ನಡುವೆ ಇರಬೇಕಾದ ಒಂದು ಉಪಕರಣವು ಆ ಹೊಸ ಯಂತ್ರಕ್ಕೆ ಇನ್ನೂ ಬಂದಿರಲಿಲ್ಲ. ಅದು ಬರುವವರೆಗೆ ಕನ್ನಡಿಗರು ಕಾಯಬೇಕಾಯಿತು. ಈ ಕಾಯುವಿಕೆ ಏತಕ್ಕೆ ಉಂಟಾಯಿತು, ಅದು ಹೇಗೆ ಮುಗಿಯಿತು, ಕಾಯುವಾಗ ಜಾಣತನದ ದಾರಿ ಯಾವುದು ಎಂಬುದನ್ನು ಈ ಲೇಖನದಲ್ಲಿ ಪರಿಶೀಲಿಸೋಣ.

ಕಾರ್ಯಕ್ರಮ ರಚನೆಯ ಪೆಟ್ಟಿಗೆ

ಬಡಗಿಗೆ ಉಳಿ, ಬಾಚಿ, ಗರಗಸಗಳಿರುವಂತೆ ಗಣಕಯಂತ್ರಕ್ಕೆ ಕಾರ್ಯಕ್ರಮವನ್ನು ಬರೆಯುವವನಿಗೂ ಒಂದು ಉಪಕರಣಗಳ ಪೆಟ್ಟಿಗೆ ಬೇಕು. ಅದರಲ್ಲಿ ಮುಖ್ಯವಾದುದು ಕಂಪೈಲರ್. ಮನುಷ್ಯನು ತನಗೆ ಅರ್ಥವಾಗುವ ಭಾಷೆಯಲ್ಲಿ ಬರೆದ ಆಜ್ಞೆಗಳನ್ನು ಯಂತ್ರಕ್ಕೆ ಅರ್ಥವಾಗುವ ಸಂಖ್ಯಾರೂಪದ ಆಜ್ಞೆಗಳಾಗಿ ಪರಿವರ್ತಿಸುವುದು ಇದರ ಕೆಲಸ. ಇದರ ಜೊತೆಗೆ, ತೆರೆಯ ಮೇಲೆ ಬರೆಯುವುದು, ಬೆರಳಿನ ಸ್ಪರ್ಶವನ್ನು ಗುರುತಿಸುವುದು, ಕಡತವನ್ನು ಕಾಪಾಡುವುದು ಮುಂತಾದ ಕೆಲಸಗಳಿಗೆ ಮೊದಲೇ ಸಿದ್ಧಪಡಿಸಿಟ್ಟ ಭಾಗಗಳ ಒಂದು ಉಗ್ರಾಣವಿರುತ್ತದೆ. ತಪ್ಪುಗಳನ್ನು ಹುಡುಕುವ ಸಾಧನವೂ, ಮೊಬೈಲು ಇಲ್ಲದೆಯೇ ಮೇಜಿನ ಗಣಕಯಂತ್ರದಲ್ಲಿ ಮೊಬೈಲಿನ ನಡವಳಿಕೆಯನ್ನು ಅನುಕರಿಸಿ ತೋರಿಸುವ ಸಾಧನವೂ ಇರುತ್ತವೆ.

ಹೊಸ ಬಗೆಯ ಯಂತ್ರವೊಂದು ಬಂದಾಗ ಈ ಪೆಟ್ಟಿಗೆಯನ್ನು ಹಾಗೆಯೇ ಎತ್ತಿಕೊಂಡು ಹೋಗಿ ಬಳಸಲಾಗುವುದಿಲ್ಲ. ಏಕೆಂದರೆ ಮೇಜಿನ ಗಣಕಯಂತ್ರಗಳಲ್ಲಿ ಬಹುಕಾಲದಿಂದ ಹೆಚ್ಚಾಗಿ ಬಳಕೆಯಲ್ಲಿದ್ದುದು ಇಂಟೆಲ್ ವಂಶದ ಸಂಸ್ಕಾರಕ. ಮೊಬೈಲುಗಳಲ್ಲಿ ಹೆಚ್ಚಾಗಿರುವುದು ಆರ್ಮ್ ವಂಶದ ಸಂಸ್ಕಾರಕ. ಎರಡಕ್ಕೂ ತಿಳಿಯುವ ಆಜ್ಞೆಗಳು ಬೇರೆ ಬೇರೆ. ಆದುದರಿಂದ ಕಂಪೈಲರನ್ನು ಹೊಸ ಆಜ್ಞೆಗಳಿಗೆ ಹೊಂದಿಸಬೇಕು. ಇದಾದ ಮೇಲೆ ಉಗ್ರಾಣದ ಒಂದೊಂದು ಭಾಗವನ್ನೂ ಹೊಸ ಯಂತ್ರದ ಕಾರ್ಯಾಚರಣ ವ್ಯವಸ್ಥೆಗೆ ತಕ್ಕಂತೆ ತಿದ್ದಬೇಕು. ಕೊನೆಗೆ ಯಂತ್ರದ ಒಡೆಯರ ಒಪ್ಪಿಗೆಯೂ ದೊರೆಯಬೇಕು. ಈ ಮೂರರಲ್ಲಿ ಯಾವುದೊಂದು ತಡವಾದರೂ ಕಾರ್ಯಕ್ರಮ ಬರೆಯುವವನು ಕೈಕಟ್ಟಿ ಕೂರಬೇಕಾಗುತ್ತದೆ.

ಇದಕ್ಕೆ ಇತಿಹಾಸದಲ್ಲಿ ಬೇಕಾದಷ್ಟು ಉದಾಹರಣೆಗಳಿವೆ. ಐಫೋನು ಮಾರಾಟಕ್ಕೆ ಬಂದುದು 2007ರ ಜೂನ್ ತಿಂಗಳಿನಲ್ಲಿ. ಅದಕ್ಕಾಗಿ ಹೊರಗಿನವರು ಕಾರ್ಯಕ್ರಮ ಬರೆಯಲು ಬೇಕಾದ ಪೆಟ್ಟಿಗೆ ಹೊರಬಂದುದು 2008ರ ಮಾರ್ಚಿಯಲ್ಲಿ. ಆಂಡ್ರಾಯ್ಡಿನ ವಿಷಯದಲ್ಲಿ ಇದು ತಿರುಗುಮುರುಗಾಯಿತು. ಪೆಟ್ಟಿಗೆಯ ಮೊದಲ ಆವೃತ್ತಿ 2007ರ ನವೆಂಬರಿನಲ್ಲಿ ಬಂದಿತು. ಮೊದಲ ಮೊಬೈಲು 2008ರ ಅಕ್ಟೋಬರಿನಲ್ಲಿ ಮಾರಾಟವಾಯಿತು. ಆದರೆ ಆ ಪೆಟ್ಟಿಗೆ ಜಾವಾ ಭಾಷೆಯಲ್ಲಿ ಬರೆಯುವವರಿಗೆ ಮಾತ್ರ ಒದಗಿತು. ಸಿ ಮತ್ತು ಸಿ-ಪ್ಲಸ್-ಪ್ಲಸ್ ಭಾಷೆಗಳಲ್ಲಿ ವರ್ಷಗಟ್ಟಲೆ ದುಡಿದು ರಾಶಿ ಹಾಕಿದ್ದವರು ತಮ್ಮ ಕೃತಿಗಳನ್ನು ಅಲ್ಲಿಗೆ ಕೊಂಡೊಯ್ಯಲು 2009ರ ಜೂನ್‌ವರೆಗೆ ಕಾಯಬೇಕಾಯಿತು. ಮೇಜಿನ ಗಣಕಯಂತ್ರಗಳಲ್ಲಿ ಪ್ರಸಿದ್ಧವಾಗಿದ್ದ ಕ್ಯೂಟಿ ಎಂಬ ಉಪಕರಣವು ಆಂಡ್ರಾಯ್ಡ್ ಮತ್ತು ಐಫೋನುಗಳೆರಡನ್ನೂ ಪೂರ್ಣವಾಗಿ ಬೆಂಬಲಿಸಿದುದು 2013ರ ಡಿಸೆಂಬರಿನಲ್ಲಿ. ಒಪ್ಪಿಗೆಯ ತೊಡಕಿಗೂ ನಿದರ್ಶನವಿದೆ. 2010ರ ಏಪ್ರಿಲಿನಲ್ಲಿ ಆಪಲ್ ಸಂಸ್ಥೆಯು ತಾನು ಹೆಸರಿಸಿದ ಕೆಲವೇ ಭಾಷೆಗಳಲ್ಲಿ ಮೂಲತಃ ಬರೆದ ಕಾರ್ಯಕ್ರಮಗಳನ್ನು ಮಾತ್ರ ಸ್ವೀಕರಿಸುವುದಾಗಿ ನಿಯಮ ಮಾಡಿತು. ಅದೇ ಸೆಪ್ಟೆಂಬರಿನಲ್ಲಿ ಆ ನಿಯಮವನ್ನು ಸಡಿಲಿಸಿತು. ನಡುವಿನ ಐದು ತಿಂಗಳು ಬೇರೆ ಉಪಕರಣಗಳನ್ನು ನಂಬಿದ್ದವರ ಪಾಡು ಅತಂತ್ರವಾಗಿತ್ತು.

ಇಷ್ಟು ಎಲ್ಲ ಭಾಷೆಯವರಿಗೂ ಸಮಾನವಾದ ಕಾಯುವಿಕೆ. ಕನ್ನಡಿಗನಿಗೆ ಇದರ ಮೇಲೆ ಇನ್ನೊಂದು ಕಾಯುವಿಕೆ ಇತ್ತು. ಪೆಟ್ಟಿಗೆ ಬಂದಿತು, ಕಂಪೈಲರ್ ಬಂದಿತು. ಆದರೆ ಉಗ್ರಾಣದಲ್ಲಿ ಕನ್ನಡ ಅಕ್ಷರವನ್ನು ಬರೆಯುವ ಭಾಗವೇ ಇರಲಿಲ್ಲ. ಆ ಭಾಗವೆಂದರೆ ಯಾವುದು? ಇದನ್ನು ತಿಳಿಯಲು ಯಂತ್ರದೊಳಗೆ ಅಕ್ಷರವು ಯಾವ ರೂಪದಲ್ಲಿರುತ್ತದೆಂಬುದನ್ನು ಅರಿಯಬೇಕು.

ಸಂಕೇತ ಬೇರೆ, ಆಕಾರ ಬೇರೆ

ಗಣಕಯಂತ್ರಕ್ಕೆ ಅಕ್ಷರ ತಿಳಿಯದು, ಅಂಕಿ ಮಾತ್ರ ತಿಳಿಯುವುದು. ಆದುದರಿಂದ ಒಂದೊಂದು ಅಕ್ಷರಕ್ಕೂ ಒಂದೊಂದು ಅಂಕಿಯನ್ನು ಗೊತ್ತುಮಾಡಬೇಕು. ಜಗತ್ತಿನ ಎಲ್ಲ ಲಿಪಿಗಳಿಗೂ ಹೀಗೆ ಅಂಕಿಗಳನ್ನು ಹಂಚಿದ ಒಪ್ಪಂದಕ್ಕೆ ಯೂನಿಕೋಡ್ ಎಂದು ಹೆಸರು. ಅದರ ಮೊದಲ ಆವೃತ್ತಿ ಹೊರಬಂದ 1991ರಲ್ಲಿಯೇ ಕನ್ನಡಕ್ಕೆ 3200ರಿಂದ 3327ರವರೆಗೆ 128 ಸ್ಥಾನಗಳು ದೊರೆತವು. ಭಾರತೀಯ ಲಿಪಿಗಳಿಗಾಗಿ ನಮ್ಮ ದೇಶದಲ್ಲಿಯೇ ಸಿದ್ಧವಾಗಿದ್ದ ಇಸ್ಕಿ ಎಂಬ ಸಂಕೇತ ಪದ್ಧತಿಯೇ ಈ ಹಂಚಿಕೆಗೆ ತಳಹದಿ.

ಐರಣಿ ಎಂಬ ಹೆಸರನ್ನೇ ತೆಗೆದುಕೊಳ್ಳೋಣ. ಯಂತ್ರದೊಳಗೆ ಅದು 3216, 3248, 3235, 3263 ಎಂಬ ನಾಲ್ಕು ಅಂಕಿಗಳಾಗಿ ಇರುತ್ತದೆ. ಮೊದಲನೆಯದು ಐ, ಎರಡನೆಯದು ರ, ಮೂರನೆಯದು ಣ. ನಾಲ್ಕನೆಯದು ಅಕ್ಷರವಲ್ಲ, ಗುಡಿಸು. ನಾವು ಓದುವುದು ಮೂರು ಅಕ್ಷರಗಳಾದರೂ ಯಂತ್ರವು ಎಣಿಸುವುದು ನಾಲ್ಕು. ಕೊನೆಯ ಎರಡು ಅಂಕಿಗಳನ್ನು ಕೂಡಿಸಿ, ಗುಡಿಸನ್ನು ಬೆಸೆದು ಒಂದೇ ಆಕಾರವಾಗಿ ಬರೆಯುವ ಕೆಲಸವನ್ನು ಯಾರಾದರೂ ಮಾಡಲೇಬೇಕು.

ಐರಣಿಯಂತಹ ಸರಳ ಹೆಸರಿಗೇ ಹೀಗಾದರೆ ಒತ್ತಕ್ಷರಗಳ ಪಾಡೇನು? ಬ್ಯಾಡಗಿ ಎಂಬಲ್ಲಿ ಬ, ಹಲಂತ ಚಿಹ್ನೆ, ಯ, ದೀರ್ಘ, ಡ, ಗ, ಗುಡಿಸು ಎಂದು ಏಳು ಸಂಕೇತಗಳಿವೆ. ಹಲಂತ ಚಿಹ್ನೆಯನ್ನು ಕಂಡೊಡನೆ ಮುಂದಿನ ಯಕಾರವನ್ನು ಒತ್ತನ್ನಾಗಿಸಿ, ದೀರ್ಘವನ್ನು ಬಕಾರಕ್ಕೆ ಸೇರಿಸಬೇಕು. ರಾಣೇಬೆನ್ನೂರು ಎಂಬುದರಲ್ಲಿ ಹನ್ನೆರಡು ಸಂಕೇತಗಳಿವೆ. ಕರ್ನಾಟಕ ಎಂಬುದು ಇನ್ನೂ ಸ್ವಾರಸ್ಯಕರ. ಸಂಕೇತಗಳ ಸಾಲಿನಲ್ಲಿ ರಕಾರವು ನಕಾರಕ್ಕಿಂತ ಮೊದಲು ಬರುತ್ತದೆ, ಏಕೆಂದರೆ ಉಚ್ಚಾರಣೆಯ ಕ್ರಮ ಹಾಗಿದೆ. ಬರೆಯುವಾಗ ಮಾತ್ರ ಅದು ಅರ್ಕಾವೊತ್ತಾಗಿ ನಾ ಎಂಬ ಅಕ್ಷರದ ಹಿಂದೆ ಕುಳಿತುಕೊಳ್ಳುತ್ತದೆ. ಅಂದರೆ ಸಂಕೇತಗಳ ಕ್ರಮ ಒಂದು, ಕಣ್ಣಿಗೆ ಕಾಣುವ ಕ್ರಮ ಇನ್ನೊಂದು.

ಈ ನಿಯಮಗಳನ್ನೆಲ್ಲ ಅರಿತು, ಸಂಕೇತಗಳ ಸಾಲನ್ನು ಆಕಾರಗಳ ಸಾಲನ್ನಾಗಿ ಮಾರ್ಪಡಿಸುವ ಕಾರ್ಯಕ್ರಮವೇ ನಾವು ಹೇಳಿದ ಉಗ್ರಾಣದ ಭಾಗ. ಇದನ್ನು ಅಕ್ಷರಜೋಡಕ ಎಂದು ಕರೆಯೋಣ. ಇದರ ಜೊತೆಗೆ ಕನ್ನಡದ ಅಚ್ಚುಗಳನ್ನುಳ್ಳ ಫಾಂಟು ಬೇಕು. ಎರಡೂ ಇದ್ದರೆ ಮಾತ್ರ ಬರವಣಿಗೆ ಸರಿಯಾಗಿ ಮೂಡುತ್ತದೆ. ಫಾಂಟೇ ಇಲ್ಲದಿದ್ದರೆ ಖಾಲಿ ಚೌಕಗಳು ಕಾಣುತ್ತವೆ. ಫಾಂಟು ಇದ್ದು ಜೋಡಕವಿಲ್ಲದಿದ್ದರೆ ಒತ್ತು, ಗುಡಿಸು, ಕೊಂಬುಗಳೆಲ್ಲ ಬಿಡಿಬಿಡಿಯಾಗಿ ಚೆಲ್ಲಿದ ಕಾಳಿನಂತೆ ಕಾಣುತ್ತವೆ. ಇಂಗ್ಲಿಷಿನಲ್ಲಿ ಸಾಮಾನ್ಯವಾಗಿ ಒಂದು ಸಂಕೇತಕ್ಕೆ ಒಂದು ಆಕಾರವಾದುದರಿಂದ ಅದಕ್ಕೆ ಇಂತಹ ಜೋಡಕವಿಲ್ಲದೆಯೂ ನಡೆಯುತ್ತದೆ. ಹೊಸ ಯಂತ್ರಗಳಲ್ಲಿ ಇಂಗ್ಲಿಷು ಮೊದಲ ದಿನವೇ ಕಾಣಿಸಿಕೊಂಡು, ಕನ್ನಡ ಹಿಂದೆ ಉಳಿದುದಕ್ಕೆ ಇದು ಒಂದು ಮುಖ್ಯ ಕಾರಣ.

ಮೊದಲನೆಯ ಕಾಯುವಿಕೆ

1991ರಲ್ಲಿ ಸಂಕೇತಗಳು ಗೊತ್ತಾದರೂ ಮೇಜಿನ ಗಣಕಯಂತ್ರದಲ್ಲಿ ಅವುಗಳಿಗೆ ಬಹುಕಾಲ ಜೋಡಕವಿರಲಿಲ್ಲ. ವಿಂಡೋಸ್ 2000 ಎಂಬ ವ್ಯವಸ್ಥೆಯಲ್ಲಿ ದೇವನಾಗರಿ ಮತ್ತು ತಮಿಳು ಲಿಪಿಗಳಿಗೆ ಬೆಂಬಲ ದೊರೆಯಿತು. ಕನ್ನಡಕ್ಕೆ ಅದು ದೊರೆತುದು 2001ರ ಅಕ್ಟೋಬರಿನಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಯಲ್ಲಿ. ಅದರೊಡನೆ ಬಂದ ಕನ್ನಡ ಫಾಂಟಿನ ಹೆಸರು ತುಂಗಾ. ಅದೂ ತಾನಾಗಿಯೇ ಕೆಲಸ ಮಾಡುತ್ತಿರಲಿಲ್ಲ. ಸಂಕೀರ್ಣ ಲಿಪಿಗಳ ಕಡತಗಳನ್ನು ಬೇರೆಯಾಗಿ ಸ್ಥಾಪಿಸಬೇಕಾಗುತ್ತಿತ್ತು.

ಈ ಹತ್ತು ವರ್ಷ ಕನ್ನಡಿಗರು ಸುಮ್ಮನೆ ಕುಳಿತಿರಲಿಲ್ಲ. ಕೆ. ಪಿ. ರಾವ್ ಅವರು ಕನ್ನಡದ ಧ್ವನಿಕ್ರಮಕ್ಕೆ ಹೊಂದುವ ಕೀಲಿಮಣೆಯ ವಿನ್ಯಾಸವನ್ನು ರೂಪಿಸಿದರು. ಶೇಷಾದ್ರಿವಾಸು ಚಂದ್ರಶೇಖರನ್ ಅವರ ಬರಹ ಎಂಬ ತಂತ್ರಾಂಶವು 1998ರಲ್ಲಿ ಬಂದಿತು. ಕನ್ನಡ ಗಣಕ ಪರಿಷತ್ತು ನುಡಿ ಎಂಬ ತಂತ್ರಾಂಶವನ್ನು ಸಿದ್ಧಪಡಿಸಿತು. ಸರ್ಕಾರಿ ಕಚೇರಿಗಳಲ್ಲಿಯೂ ಮುದ್ರಣಾಲಯಗಳಲ್ಲಿಯೂ ಕನ್ನಡವು ಗಣಕಯಂತ್ರವನ್ನು ಏರಿದುದು ಇವುಗಳ ಮೂಲಕವೇ. ಈ ಉಪಕಾರವನ್ನು ಮರೆಯಲಾಗದು.

ಆದರೆ ಆಗ ಬಳಸಿದ ಉಪಾಯದಲ್ಲಿ ಒಂದು ಕುಂದು ಇತ್ತು. ಜೋಡಕವಿಲ್ಲದುದರಿಂದ ಕನ್ನಡದ ಆಕಾರಗಳನ್ನು ತುಂಡುತುಂಡು ಮಾಡಿ, ಇಂಗ್ಲಿಷು ಮತ್ತು ಯೂರೋಪಿನ ಇತರ ಭಾಷೆಗಳ ಅಕ್ಷರಗಳಿಗೆ ಮೀಸಲಾದ ಸ್ಥಾನಗಳಲ್ಲಿ ಕೂರಿಸಲಾಗಿತ್ತು. ಕಣ್ಣಿಗೆ ಕನ್ನಡ ಕಂಡರೂ ಯಂತ್ರದ ಪಾಲಿಗೆ ಅದು ಪರಲಿಪಿಯ ಅರ್ಥವಿಲ್ಲದ ಸಾಲು. ಆ ಫಾಂಟು ಇಲ್ಲದ ಗಣಕಯಂತ್ರದಲ್ಲಿ ಕಡತವನ್ನು ತೆರೆದರೆ ಕಸವಷ್ಟೇ ಕಾಣುತ್ತಿತ್ತು. ಪದವನ್ನು ಹುಡುಕುವುದೂ, ಅಕಾರಾದಿಯಾಗಿ ಜೋಡಿಸುವುದೂ ದುಸ್ತರವಾಗಿತ್ತು. ಮುಂದೆ ಬರಹ ಮತ್ತು ನುಡಿಗಳೆರಡೂ ಯೂನಿಕೋಡನ್ನು ಅಳವಡಿಸಿಕೊಂಡವು. ಆದರೆ ಹಳೆಯ ಪದ್ಧತಿಯಲ್ಲಿ ಬರೆದಿಟ್ಟ ಕಡತಗಳು ಹಾಗೆಯೇ ಉಳಿದವು. ಅವುಗಳನ್ನು ಪರಿವರ್ತಕಗಳ ಮೂಲಕ ಹಾಯಿಸಿ, ತಪ್ಪುಗಳನ್ನು ಕೈಯಿಂದ ತಿದ್ದಬೇಕಾಯಿತು.

ಎರಡನೆಯ ಕಾಯುವಿಕೆ

ಮೇಜಿನ ಮೇಲೆ ಕನ್ನಡ ಒಂದು ನೆಲೆಗೆ ಬರುವಷ್ಟರಲ್ಲಿ ಜನರು ಮೊಬೈಲಿಗೆ ತಿರುಗಿದರು. 2008ರಲ್ಲಿ ಆಂಡ್ರಾಯ್ಡ್ ಬಂದಾಗ ಕನ್ನಡಕ್ಕೆ ಅದರಲ್ಲಿ ಫಾಂಟೂ ಇರಲಿಲ್ಲ, ಜೋಡಕವೂ ಇರಲಿಲ್ಲ. ಹತ್ತು ವರ್ಷ ನಡೆದ ಹಾದಿಯನ್ನು ಮತ್ತೆ ಮೊದಲಿನಿಂದ ನಡೆಯಬೇಕಾಯಿತು.

ಈ ನಡುವಿನ ಕಾಲದಲ್ಲಿ ಹಲವು ತಾತ್ಕಾಲಿಕ ಉಪಾಯಗಳು ಹುಟ್ಟಿಕೊಂಡವು. ಅವುಗಳಲ್ಲಿ ಪ್ರಸಿದ್ಧವಾದುದು ಒಪೆರಾ ಮಿನಿ ಎಂಬ ವೀಕ್ಷಕ ತಂತ್ರಾಂಶದ ಒಂದು ಗುಪ್ತ ಸೌಕರ್ಯ. ಅದನ್ನು ಚಾಲನೆಗೊಳಿಸಿದರೆ, ದೂರದ ಗಣಕಯಂತ್ರವೊಂದು ಸಂಕೀರ್ಣ ಲಿಪಿಯ ಬರವಣಿಗೆಯನ್ನು ಚಿತ್ರವನ್ನಾಗಿ ಮಾಡಿ ಕಳುಹಿಸುತ್ತಿತ್ತು. ಮೊಬೈಲಿಗೆ ಕನ್ನಡ ತಿಳಿಯದಿದ್ದರೂ ಚಿತ್ರವನ್ನು ತೋರಿಸುವುದು ತಿಳಿದಿತ್ತಲ್ಲವೆ? ಓದಲು ಇದು ಸಾಕಾಯಿತು. ಆದರೆ ಚಿತ್ರದ ಭಾರ ಹೆಚ್ಚು. ಅದರಿಂದ ಒಂದು ಪದವನ್ನು ನಕಲು ಮಾಡಿಕೊಳ್ಳಲೂ ಬಾರದು. ಕನ್ನಡದ ಕಾರ್ಯಕ್ರಮಗಳನ್ನು ಬರೆಯುವವರ ಮುಂದೆಯೂ ಇಂತಹ ದಾರಿಗಳೇ ಇದ್ದವು: ಪುಟಗಳನ್ನು ಚಿತ್ರಗಳಾಗಿ ಸೇರಿಸುವುದು, ಇಲ್ಲವೆ ಹಳೆಯ ತುಂಡು ಆಕಾರಗಳ ಫಾಂಟನ್ನು ಕಾರ್ಯಕ್ರಮದ ಹೊಟ್ಟೆಯೊಳಗೇ ಇಟ್ಟು ಕಳುಹಿಸುವುದು.

2012ರ ಜುಲೈ ತಿಂಗಳಿನಲ್ಲಿ ಆಂಡ್ರಾಯ್ಡಿನ 4.1ನೆಯ ಆವೃತ್ತಿ ಬಿಡುಗಡೆಯಾಯಿತು. ಕನ್ನಡ, ತೆಲುಗು, ಮಲಯಾಳಂ ಭಾಷೆಗಳಿಗೆ ಬೆಂಬಲ ಸೇರಿದೆಯೆಂದು ಅದರ ಪ್ರಕಟಣೆಯಲ್ಲಿ ಹೇಳಲಾಗಿತ್ತು. ಹೀಗೆ ಸುಮಾರು ನಾಲ್ಕು ವರ್ಷಗಳ ಕಾಯುವಿಕೆ ಮುಗಿಯಿತು. ಆದರೂ ಎಲ್ಲರ ಪಾಲಿಗೂ ಮುಗಿಯಲಿಲ್ಲ. ಹಳೆಯ ಆವೃತ್ತಿಯ ಮೊಬೈಲು ಕೊಂಡವನಿಗೆ ಹೊಸ ಆವೃತ್ತಿ ಬರಬೇಕಾದರೆ ಆ ಮೊಬೈಲನ್ನು ತಯಾರಿಸಿದವರು ಅದನ್ನು ಹೊಂದಿಸಿ ಕಳುಹಿಸಬೇಕು. ಎಷ್ಟೋ ಮೊಬೈಲುಗಳಿಗೆ ಅದು ಬರಲೇ ಇಲ್ಲ. ಅಂಥವರು ಹೊಸ ಮೊಬೈಲು ಕೊಳ್ಳುವವರೆಗೂ ಚೌಕಗಳನ್ನೇ ನೋಡಬೇಕಾಯಿತು. ಐಫೋನಿನಲ್ಲಿ ಕನ್ನಡವನ್ನು ಬರೆಯುವ ಕೀಲಿಮಣೆಯು 2017ರಲ್ಲಿ ಬಂದ ಐಒಎಸ್ 11ನೆಯ ಆವೃತ್ತಿಯೊಡನೆ ದೊರೆಯಿತು.

ಎರಡನೆಯ ಕಾಯುವಿಕೆ ಮೊದಲನೆಯದಕ್ಕಿಂತ ಚಿಕ್ಕದಾದುದೇಕೆ? ಸಂಕೇತಗಳ ಒಪ್ಪಂದ ಮೊದಲೇ ಆಗಿತ್ತು. ಫಾಂಟಿನೊಳಗೆ ಜೋಡಣೆಯ ನಿಯಮಗಳನ್ನು ಬರೆದಿಡುವ ಓಪನ್‌ಟೈಪ್ ಎಂಬ ಪದ್ಧತಿಯೂ ನೆಲೆಗೊಂಡಿತ್ತು. ಜೊತೆಗೆ ಹಾರ್ಫ್‌ಬಜ್ ಎಂಬ ಅಕ್ಷರಜೋಡಕವು ಎಲ್ಲರಿಗೂ ಮುಕ್ತವಾಗಿ ದೊರೆಯುವಂತಾಗಿತ್ತು. ಪಾರಸಿ ಭಾಷೆಯಲ್ಲಿ ಈ ಹೆಸರಿಗೆ ‘ತೆರೆದ ಅಕ್ಷರ’ ಎಂದು ಅರ್ಥ. ಯಾರೇ ಆದರೂ ಇದನ್ನು ತೆಗೆದುಕೊಂಡು, ತಿದ್ದಿ, ತಮ್ಮ ವ್ಯವಸ್ಥೆಯಲ್ಲಿ ಸೇರಿಸಬಹುದು. ಆಂಡ್ರಾಯ್ಡ್, ಫೈರ್‌ಫಾಕ್ಸ್, ಕ್ರೋಮ್, ಲಿಬ್ರೆಆಫೀಸ್ ಇವುಗಳೆಲ್ಲ ಇಂದು ಬಳಸುವುದು ಇದನ್ನೇ. ಪ್ರತಿಯೊಬ್ಬರೂ ತಮ್ಮ ತಮ್ಮ ಜೋಡಕವನ್ನು ಬೇರೆಬೇರೆಯಾಗಿ ಬರೆಯಬೇಕಾದ ಶ್ರಮ ಇದರಿಂದ ತಪ್ಪಿತು.

ಕಾಯುವುದಕ್ಕೂ ಒಂದು ಹದವಿದೆ

ಒಕ್ಕಲಿಗನು ಮಳೆಗಾಗಿ ಕಾಯುತ್ತಾನೆ. ನೆಲ ಹದವಾಗದೆ ಕೂರಿಗೆ ಹೂಡುವಂತಿಲ್ಲ. ಆದರೆ ಆ ದಿನಗಳಲ್ಲಿ ಅವನು ಕೂರಿಗೆಯ ತಾಳುಗಳನ್ನು ಸರಿಪಡಿಸುತ್ತಾನೆ, ಬೀಜವನ್ನು ಆರಿಸಿ ಕಾದಿಡುತ್ತಾನೆ. ಕೆಟ್ಟ ಬೀಜವನ್ನು ಇಟ್ಟುಕೊಂಡವನಿಗೆ ಮಳೆ ಬಂದರೂ ಬೆಳೆ ಬಾರದು. ಗಣಕಯಂತ್ರದ ಪ್ರಪಂಚದಲ್ಲಿಯೂ ಈ ಮಾತು ನಿಜ. ಇಲ್ಲಿ ಬೀಜವೆಂದರೆ ನಾವು ಬರೆದಿಟ್ಟ ಬರವಣಿಗೆಯ ಸಂಕೇತ.

ಇದಕ್ಕೊಂದು ದೃಷ್ಟಾಂತವನ್ನು ಗಮನಿಸಿ. ಕನ್ನಡ ವಿಕಿಪೀಡಿಯವು 2003ರಲ್ಲಿ ಆರಂಭವಾಯಿತು. ಅದರ ಲೇಖನಗಳನ್ನು ಯೂನಿಕೋಡಿನಲ್ಲಿಯೇ ಬರೆಯಲಾಗುತ್ತಿತ್ತು. ಆಗ ಅವುಗಳನ್ನು ಓದಬಲ್ಲ ಮೊಬೈಲುಗಳು ಇರಲಿಲ್ಲ. ಮೇಜಿನ ಗಣಕಯಂತ್ರಗಳಲ್ಲಿಯೂ ಎಷ್ಟೋ ಕಡೆ ಅವು ಮೂಡುತ್ತಿರಲಿಲ್ಲ. ಬರೆಯುವವರಿಗೆ ಓದುಗರ ಕೊರತೆಯಿತ್ತು. ಆದರೆ 2012ರಲ್ಲಿ ಜೋಡಕ ಬಂದೊಡನೆ, ಒಂದು ಅಕ್ಷರವನ್ನೂ ಬದಲಾಯಿಸದೆ, ಆ ಲೇಖನಗಳು ಹೊಸ ಮೊಬೈಲಿನಲ್ಲಿ ಓದಲು ಸಿದ್ಧವಾಗಿದ್ದವು. ಆ ಹೊತ್ತಿಗೆ ಹಳೆಯ ತುಂಡು ಆಕಾರಗಳಲ್ಲಿ ಬರೆದಿಟ್ಟ ಕಡತಗಳು, ಅವುಗಳಲ್ಲಿ ಎಂತಹ ಬೆಲೆಬಾಳುವ ವಿಷಯವಿದ್ದರೂ, ಪರಿವರ್ತನೆಗಾಗಿ ಮತ್ತೆ ಕಾಯುತ್ತಿದ್ದವು.

ಇದರಿಂದ ಕಲಿಯಬೇಕಾದ ಪಾಠ ಸ್ಪಷ್ಟವಾಗಿದೆ. ತಾತ್ಕಾಲಿಕ ಉಪಾಯವನ್ನು ತೋರಿಕೆಯಲ್ಲಿ ಬಳಸಬಹುದು, ಸಂಗ್ರಹದಲ್ಲಿ ಬಳಸಬಾರದು. ತೆರೆಯ ಮೇಲೆ ಚಿತ್ರವಾಗಿ ತೋರಿಸಿದರೂ ಚಿಂತೆಯಿಲ್ಲ. ಕಡತದಲ್ಲಿ ಮಾತ್ರ ಒಪ್ಪಿತವಾದ ಸಂಕೇತದಲ್ಲಿಯೇ ಇಡಬೇಕು. ಕಾರ್ಯಕ್ರಮವನ್ನು ಬರೆಯುವವನು ಕೂಡ ತನ್ನ ಕೃತಿಯ ತಿರುಳನ್ನು ಒಂದು ಕಡೆ, ಒಂದು ನಿರ್ದಿಷ್ಟ ಯಂತ್ರಕ್ಕೆ ಕಟ್ಟುಬಿದ್ದ ಭಾಗವನ್ನು ಇನ್ನೊಂದು ಕಡೆ ಇಟ್ಟಿದ್ದರೆ, ಹೊಸ ಯಂತ್ರ ಬಂದಾಗ ಆ ಎರಡನೆಯ ಭಾಗವನ್ನಷ್ಟೇ ಬದಲಾಯಿಸಿದರೆ ಸಾಕು.

ತಡವಾದುದರ ಬೆಲೆ

ನಾಲ್ಕು ವರ್ಷದ ತಡ ದೊಡ್ಡದೇನಲ್ಲ ಎಂದು ಕೆಲವರಿಗೆ ತೋರಬಹುದು. ಆದರೆ ಅಭ್ಯಾಸಗಳು ಬೇರೂರಲು ಅಷ್ಟು ಕಾಲ ಸಾಕು. ಮೊಬೈಲಿನಲ್ಲಿ ಕನ್ನಡ ಮೂಡದ ಆ ವರ್ಷಗಳಲ್ಲಿ ತರುಣರು ತಾಯಿನುಡಿಯ ಮಾತನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುವುದನ್ನು ರೂಢಿಸಿಕೊಂಡರು. ಜೋಡಕ ಬಂದ ಮೇಲೆಯೂ, ಕೀಲಿಮಣೆ ಬಂದ ಮೇಲೆಯೂ, ಆ ರೂಢಿ ಹೋಗಲಿಲ್ಲ. ಇಂದು ಮೊಬೈಲು ಕನ್ನಡವನ್ನು ಬಲ್ಲದು. ಆದರೂ ಅದನ್ನು ಹಿಡಿದ ಎಷ್ಟೋ ಬೆರಳುಗಳು ಕನ್ನಡದ ಕೀಲಿಗಳನ್ನು ಅರಿಯವು.

ಇಂತಹ ತಡವು ಮತ್ತೆ ಆಗಬಾರದೆಂದರೆ ಬೆಂಬಲವನ್ನು ತಯಾರಕರ ಇಚ್ಛೆಗೆ ಮಾತ್ರ ಬಿಡಲಾಗದು. ಮೊಬೈಲುಗಳಲ್ಲಿ ಭಾರತೀಯ ಭಾಷೆಗಳಿಗಾಗಿ ಐ.ಎಸ್. 16333 ಎಂಬ ಭಾರತೀಯ ಮಾನಕದ ಮೂರನೆಯ ಭಾಗವನ್ನು ರೂಪಿಸಲಾಯಿತು. ಭಾರತ ಸರ್ಕಾರವು 2016ರಲ್ಲಿ ಇದನ್ನು ಕಡ್ಡಾಯಗೊಳಿಸುವ ಆಜ್ಞೆಯನ್ನು ಹೊರಡಿಸಿತು. ಅದರಂತೆ, ಇಲ್ಲಿ ಮಾರುವ ಮೊಬೈಲಿನಲ್ಲಿ ಸಂವಿಧಾನದ ಎಂಟನೆಯ ಅನುಸೂಚಿಯ 22 ಭಾಷೆಗಳನ್ನೂ ಓದುವಂತಿರಬೇಕು; ಇಂಗ್ಲಿಷು, ಹಿಂದಿ ಮತ್ತು ಇನ್ನೊಂದು ಭಾರತೀಯ ಭಾಷೆಯಲ್ಲಿ ಬರೆಯುವಂತಿರಬೇಕು. ಅಲ್ಲಿಯವರೆಗೆ ಕಾದು ಪಡೆಯಬೇಕಾಗಿದ್ದುದು ಇದರಿಂದ ಹಕ್ಕಾಯಿತು.

ನೀವೇ ಮಾಡಿ ನೋಡಿರಿ

ಮೇಲೆ ಹೇಳಿದುದನ್ನು ಪರೀಕ್ಷಿಸಲು ಪ್ರಯೋಗಶಾಲೆ ಬೇಕಿಲ್ಲ. ಮೊಬೈಲಿನಲ್ಲಿ ಐರಣಿ ಎಂದು ಕನ್ನಡದಲ್ಲಿ ಬರೆದು ಅಳಿಸುವ ಕೀಲಿಯನ್ನು ಒಮ್ಮೆ ಮಾತ್ರ ಒತ್ತಿರಿ. ಬಹುಮಟ್ಟಿಗೆ ಣಿ ಎಂಬ ಅಕ್ಷರ ಪೂರ್ತಿಯಾಗಿ ಹೋಗುವುದಿಲ್ಲ. ಗುಡಿಸು ಮಾತ್ರ ಹೋಗಿ ಐರಣ ಎಂದು ಉಳಿಯುತ್ತದೆ. ನೀವು ಅಳಿಸಿದುದು ಅಕ್ಷರವನ್ನಲ್ಲ, 3263 ಎಂಬ ಸಂಕೇತವನ್ನು. ಹಾಗೆಯೇ ಕ್ಷ ಎಂದು ಬರೆದು ಒಂದೊಂದಾಗಿ ಅಳಿಸುತ್ತ ಬನ್ನಿರಿ. ಮೊದಲು ಕ್ ಎಂದೂ ಆಮೇಲೆ ಕ ಎಂದೂ ಉಳಿಯುವುದನ್ನು ಕಾಣುವಿರಿ.

ಇನ್ನೊಂದು ಲೆಕ್ಕ. ಒಂದು ಎಸ್ಸೆಮ್ಮೆಸ್ಸಿನಲ್ಲಿ 140 ಬೈಟುಗಳಿಗೆ ಅಂದರೆ 1120 ಬಿಟ್ಟುಗಳಿಗೆ ಸ್ಥಳವಿದೆ. ಇಂಗ್ಲಿಷಿನ ಒಂದು ಅಕ್ಷರಕ್ಕೆ 7 ಬಿಟ್ಟು, ಕನ್ನಡದ ಒಂದು ಸಂಕೇತಕ್ಕೆ 16 ಬಿಟ್ಟು. ಭಾಗಿಸಿ ನೋಡಿದರೆ ಇಂಗ್ಲಿಷಿಗೆ 160 ಅಕ್ಷರಗಳೂ ಕನ್ನಡಕ್ಕೆ 70 ಸಂಕೇತಗಳೂ ಹಿಡಿಯುತ್ತವೆ. ರಾಣೇಬೆನ್ನೂರು ಎಂಬ ಒಂದೇ ಹೆಸರು ಅದರಲ್ಲಿ 12ನ್ನು ತೆಗೆದುಕೊಳ್ಳುತ್ತದೆ. ನಿಮ್ಮ ಊರಿನ ಹೆಸರಿಗೆ ಎಷ್ಟು ಬೇಕಾಗುವುದೆಂಬುದನ್ನು ನೀವೇ ಎಣಿಸಿ ನೋಡಿರಿ.

ಮುಂದೆಯೂ ಹೊಸ ಹೊಸ ಯಂತ್ರಗಳು ಬರುತ್ತವೆ. ಅವುಗಳಿಗೆ ತಕ್ಕ ಉಪಕರಣಗಳು ಸಿದ್ಧವಾಗಲು ಮತ್ತೆ ಕಾಲ ಹಿಡಿಯುತ್ತದೆ. ಆ ಉಪಕರಣಗಳನ್ನು ಮಾಡುವ ಕೈಗಳಲ್ಲಿ ಕನ್ನಡ ಬಲ್ಲ ಕೈಗಳೂ ಇದ್ದರೆ ಕಾಯುವ ಕಾಲ ಕಡಮೆಯಾಗುತ್ತದೆ. ಅರ್ಕಾವೊತ್ತು ಎಲ್ಲಿ ಕೂರಬೇಕೆಂಬುದು ಯಂತ್ರಕ್ಕೆ ತಾನಾಗಿ ತಿಳಿಯದು. ತಿಳಿದವರೊಬ್ಬರು ಅದಕ್ಕೆ ಹೇಳಿಕೊಡಬೇಕು. ಅದನ್ನು ಹೇಳಿಕೊಡುವವರು ಐರಣಿಯ ಬಸ್ಸಿನಲ್ಲಿ ಕುಳಿತ ವಿದ್ಯಾರ್ಥಿಯೇ ಏಕೆ ಆಗಬಾರದು?